ಅಂಗೈಯನ್ನು ಬೆರಳೆಂದು ಬಗೆದ ಫಲಕ

ಹಂಪಿಯ ವಿಜಯವಿಠ್ಠಲ ದೇವಾಲಯದ ಕಂಬಗಳ ವಿಷಯ ನಿಮಗೆ ತಿಳಿದೇ ಇದೆ. ಬೆರಳಿನಿಂದ ತಟ್ಟಿದರೆ ಅವು ನಾದ ಹೊಮ್ಮಿಸುತ್ತವೆ. (ಕಂಬಗಳು ಹಾಳಾಗದಿರಲೆಂದು ಈಗ ತಟ್ಟಲು ಬಿಡುವುದಿಲ್ಲ, ಅದು ಸರಿಯೇ.) ಅದೇ ಕಂಬಕ್ಕೆ ಅಂಗೈ ಊರಿ ನಿಂತರೆ ಏನೂ ಕೇಳಿಸದು. ತಟ್ಟುವುದು ಬೇರೆ, ತಗಲುವುದು ಬೇರೆ. ಗಣಕದ ಕೀಲಿಮಣೆಯೂ ಹೀಗೆಯೇ. ಕೀಲಿಗಳ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕುಳಿತರೂ ಒತ್ತುವವರೆಗೆ ಅಕ್ಷರ ಮೂಡುವುದಿಲ್ಲ. ಆದರೆ ಲ್ಯಾಪ್‌ಟಾಪಿನ ಕೀಲಿಮಣೆಯ ಮುಂದೆ ಇರುವ ನುಣುಪಾದ ಆಯತಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೆ ತಗಲಿದರೂ ಸಾಕು. ಟಚ್‌ಪ್ಯಾಡ್ ಅಥವಾ ಟ್ರ್ಯಾಕ್‌ಪ್ಯಾಡ್ ಎಂದು ಕರೆಯುವ ಅದನ್ನು ಇಲ್ಲಿ ಸ್ಪರ್ಶಫಲಕ ಎನ್ನೋಣ.

ಕಣ್ಣು ಕಾಣುವವರಿಗೆ ಇದು ಸಣ್ಣ ಕಿರಿಕಿರಿ ಮಾತ್ರ. ಟೈಪು ಮಾಡುತ್ತಿರುವಾಗ ಅಂಗೈ ತಗಲಿ ಕರ್ಸರ್ ಎತ್ತಲೋ ಹಾರಿದರೆ ಥಟ್ಟನೆ ಕಾಣುತ್ತದೆ, ಬೈದುಕೊಂಡು ಸರಿಪಡಿಸಿಕೊಳ್ಳುತ್ತಾರೆ. ಪರದೆಯನ್ನು ಕಿವಿಯಿಂದ ಓದುವ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಆತ 'ಶಾಸ್ತ್ರ' ಎಂಬ ಪದವನ್ನು ಟೈಪು ಮಾಡುತ್ತಿದ್ದಾನೆ. 'ಶಾಸ್' ಎಂಬಲ್ಲಿಗೆ ಬಂದಾಗ ಹೆಬ್ಬೆರಳಿನ ಬುಡ ಫಲಕಕ್ಕೆ ತಗಲಿತು. ಗಣಕ ಅದನ್ನು ಮೌಸಿನ ಕ್ಲಿಕ್ ಎಂದು ತಿಳಿಯಿತು. ಉಳಿದ 'ತ್ರ' ಎರಡು ಪ್ಯಾರಾ ಮೇಲೆ, ಬೇರೆ ಯಾವುದೋ ವಾಕ್ಯದ ನಡುವೆ ಹೋಗಿ ಕುಳಿತಿತು. ಅನಂತರ ಬರೆದ ನಾಲ್ಕು ಸಾಲುಗಳೂ ಅಲ್ಲಿಯೇ ಸೇರಿದವು. ಕಾಣುವ ಸೂಚನೆ ಒಂದೂ ಅವನಿಗೆ ದೊರೆಯಲಿಲ್ಲ. ಅದು ಪರೀಕ್ಷೆಯ ಉತ್ತರವಾಗಿದ್ದರೆ?

ಹೊಸಪೇಟೆ, ಸಂಡೂರು, ಕಂಪ್ಲಿಗಳಂಥ ಊರುಗಳ ಕಾಲೇಜಿನಲ್ಲಿ ಇದು ದೂರದ ಮಾತಲ್ಲ. ಎಸ್‌ಎಸ್‌ಎಲ್‌ಸಿ ನಂತರ ಓದು ಮುಂದುವರಿಸುವ ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ 'ಟಾಕಿಂಗ್ ಲ್ಯಾಪ್‌ಟಾಪ್' ವಿತರಿಸುವ ಯೋಜನೆ ರೂಪಿಸಿತು. ಹೆಸರು ಕೇಳಿ ವಿಶೇಷ ಯಂತ್ರವೆಂದು ಭಾವಿಸಬೇಡಿ. ಮಾತನಾಡುವುದು ಅದರೊಳಗಿನ ತಂತ್ರಾಂಶ. ಲ್ಯಾಪ್‌ಟಾಪ್ ನಮ್ಮ ನಿಮ್ಮದರಂತೆಯೇ, ಮುಂದೆ ಸ್ಪರ್ಶಫಲಕವನ್ನು ಹೊತ್ತುಕೊಂಡದ್ದು. ಕಣ್ಣಿಲ್ಲದವನಿಗೆ ಬಹುಪಾಲು ಬೇಡವಾದ ಈ ಫಲಕ ಅವನ ಕೈ ಇರುವ ಜಾಗಕ್ಕೇ ಬಂದು ಕುಳಿತದ್ದು ಹೇಗೆ? ಅದಕ್ಕೊಂದು ಚರಿತ್ರೆ ಇದೆ.

ಕೀಲಿಮಣೆಯ ಕಾಲ

ಕೀಲಿ ಒತ್ತಿ ಬರೆಯುವ ಯಂತ್ರಗಳ ಚರಿತ್ರೆಯ ಆರಂಭದಲ್ಲಿಯೇ ಕಣ್ಣಿಲ್ಲದವರಿದ್ದಾರೆ. 1800ರ ದಶಕದ ಆದಿಯಲ್ಲಿ ಇಟಲಿಯ ಪೆಲ್ಲೆಗ್ರಿನೊ ತುರ್ರಿ ಎಂಬಾತ ಒಂದು ಬರೆಯುವ ಯಂತ್ರ ಮಾಡಿದ್ದು ತನ್ನ ಗೆಳತಿ, ದೃಷ್ಟಿ ಕಳೆದುಕೊಂಡಿದ್ದ ಕರೋಲಿನಾ ಫಾಂಟೋನಿಗಾಗಿ. ಬೆರಳಿಗೆ ದಾರಿ ಗೊತ್ತಿದ್ದರೆ ಕಣ್ಣು ಬೇಕಿಲ್ಲ. ಕೀಲಿಮಣೆಯ ಗುಣವೇ ಅದು. ನಿಮ್ಮ ಮುಂದಿನ ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಕೀಲಿಗಳನ್ನು ಸವರಿ ನೋಡಿ. ಒಂದೊಂದರ ಮೇಲೂ ಸಣ್ಣ ಉಬ್ಬು ಇದೆ. ಎರಡು ತೋರುಬೆರಳುಗಳು ಅಲ್ಲಿ ಕುಳಿತರೆ ಉಳಿದ ಎಲ್ಲ ಕೀಲಿಗಳೂ ಎಲ್ಲಿವೆ ಎಂಬುದು ಕೈಗೆ ತಿಳಿಯುತ್ತದೆ.

ಕನ್ನಡಕ್ಕೆ ಇಲ್ಲೊಂದು ಸ್ವಾರಸ್ಯವಿದೆ. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ರಾಜ್ಯ ಸರ್ಕಾರ ಅಲ್ಪ ಬದಲಾವಣೆಯೊಂದಿಗೆ ಮಾನ್ಯ ಮಾಡಿದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೊಂಡಿ ಇರುವುದು ಎಫ್ ಕೀಲಿಯಲ್ಲೇ. 'ಶಾಸ್ತ್ರ' ಎಂದು ಬರೆಯಲು, ಶಿಫ್ಟನ್ನು ಲೆಕ್ಕ ಹಿಡಿಯದಿದ್ದರೆ, ಏಳು ಒತ್ತುಗಳು. ಅವುಗಳಲ್ಲಿ ಎರಡು ಎಫ್. ಕಣ್ಣಿಲ್ಲದ ಕನ್ನಡಿಗನ ಎಡ ತೋರುಬೆರಳು ನೆಲೆ ಗುರುತಿಸುವ ಉಬ್ಬಿನ ಮೇಲೆಯೂ ಇದೆ, ಒತ್ತಕ್ಷರದ ಮೇಲೆಯೂ ಇದೆ. ಉದ್ದೇಶಪಟ್ಟು ಮಾಡಿದ್ದೋ ಅಲ್ಲವೋ, ಅನುಕೂಲವಂತೂ ಹೌದು. ಹಾಗೆಯೇ ಒಂದು ತೊಡಕು ಕೂಡ: ಒಂದು ಅಕ್ಷರಕ್ಕೆ ಇಷ್ಟು ಒತ್ತುಗಳಿರುವಾಗ ನಡುವೆ ಕರ್ಸರ್ ಹಾರಿದರೆ ಅಕ್ಷರವೇ ಎರಡು ತುಂಡಾಗುತ್ತದೆ.

ಗಣಕದ ಪರದೆಯಲ್ಲಿ ಬರಿಯ ಅಕ್ಷರಗಳಿದ್ದ ಕಾಲದಲ್ಲಿ ಅದನ್ನು ಮಾತಾಗಿಸುವುದು ಹೋಲಿಕೆಯಲ್ಲಿ ಸುಲಭವಾಗಿತ್ತು. ಐಬಿಎಂ ಸಂಶೋಧನಾಲಯದ ಗಣಿತಜ್ಞ ಜಿಮ್ ಥ್ಯಾಚರ್, ತನ್ನ ಗುರುವೂ ಸಹೋದ್ಯೋಗಿಯೂ ಆಗಿದ್ದ ಅಂಧ ಗಣಿತಜ್ಞ ಜೆಸ್ಸಿ ರೈಟ್ ಜೊತೆಗೂಡಿ 1980ರ ದಶಕದ ಮಧ್ಯದಲ್ಲಿ ಇಂಥ ತಂತ್ರಾಂಶವನ್ನು ಬೆಳೆಸಿದರು. ಅದಕ್ಕೆ ಇಟ್ಟ ಹೆಸರು 'ಸ್ಕ್ರೀನ್ ರೀಡರ್'. ಒಂದು ಸರಕಿನ ಹೆಸರು ಮುಂದೆ ಇಡೀ ವರ್ಗಕ್ಕೇ ಹೆಸರಾಯಿತು. ಪರದೆ ಓದುಗ ಎಂದು ನಾವು ಹೇಳುವುದು ಅದನ್ನೇ. ಮೋಟಾರ್‌ಸೈಕಲ್ ಪಂದ್ಯಗಾರನಾಗಿದ್ದ ಟೆಡ್ ಹೆಂಟರ್ 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡ. ಬಳಿಕ ಗಣಕ ಕಲಿತು 1987ರಲ್ಲಿ ಕಂಪನಿ ಕಟ್ಟಿ 1989ರಲ್ಲಿ 'ಜಾಸ್' ತಂತ್ರಾಂಶವನ್ನು ಹೊರತಂದ.

ಅಷ್ಟರಲ್ಲಿ ಪರದೆಯೇ ಬದಲಾಗಿತ್ತು. 1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮೌಸನ್ನು ಜನರ ಮುಂದೆ ಪ್ರದರ್ಶಿಸಿದ್ದರು. ಎರಡು ದಶಕ ಕಳೆಯುವಷ್ಟರಲ್ಲಿ ಚಿತ್ರಗಳನ್ನು ತೋರಿಸಿ ಕ್ಲಿಕ್ಕಿಸುವುದೇ ಗಣಕ ಬಳಸುವ ರೀತಿಯಾಯಿತು. ಅಂಧರ ಉದ್ಯೋಗಗಳಿಗೇ ಇದು ಕುತ್ತು ತಂದೀತೆಂಬ ಭಯ 1990ರ ದಶಕದ ಮೊದಲ ವರ್ಷಗಳಲ್ಲಿ ಇತ್ತು. ವಿಂಡೋಸ್‌ಗೆ ಹೊಂದುವ ಜಾಸ್ 1995ರಲ್ಲಿ ಬಂದಾಗ ಆ ಭಯ ತುಸು ಇಳಿಯಿತು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಆರಂಭಿಸಿದ, ಜೇಮ್ಸ್ ಟೆಹ್ ಕೈಜೋಡಿಸಿದ 'ಎನ್‌ವಿಡಿಎ' ಉಚಿತವಾಗಿಯೇ ಸಿಗತೊಡಗಿತು. ಇಬ್ಬರೂ ಅಂಧರು. ಜೊನಾಥನ್ ಡಡಿಂಗ್‌ಟನ್ ರಚಿಸಿದ 'ಇಸ್ಪೀಕ್' ಧ್ವನಿ ಸಂಶ್ಲೇಷಕದಿಂದ ಎನ್‌ವಿಡಿಎಗೆ ಕನ್ನಡವೂ ಬಂತು. ಅದರ ಧ್ವನಿ ಯಾಂತ್ರಿಕ. ಆದರೆ ವೇಗವಾಗಿ ಓದಿಸಿದರೂ ತೊದಲದು ಎಂದು ಬಳಸುವವರು ಅದನ್ನೇ ಮೆಚ್ಚುವುದುಂಟು.

ಒಂದು ಮಾತು ಗಮನಿಸಿ. ಪರದೆ ಓದುಗ ಬಳಸುವವರ ಕೈ ಕೀಲಿಮಣೆಯನ್ನು ಬಿಡುವುದೇ ಇಲ್ಲ. ಬರೆಯುವುದಕ್ಕೂ ಅದೇ, ಓದುವುದಕ್ಕೂ ಅದೇ, ಕಡತ ತೆರೆಯುವುದಕ್ಕೂ ಅದೇ. ಸೂಚಕವನ್ನು ಕಣ್ಣಿನಿಂದ ಹಿಂಬಾಲಿಸಲಾಗದವರಿಗೆ ಮೌಸಿನಿಂದ ಏನು ಉಪಯೋಗ?

ಧೂಳು ಗೆದ್ದ ಫಲಕ

ಸ್ಪರ್ಶಫಲಕ ಹೊಸದೇನಲ್ಲ. 1983ರ ಗವಿಲಾನ್ ಎಂಬ ಒಯ್ಯಬಹುದಾದ ಗಣಕದಲ್ಲಿಯೇ ಒಂದು ಫಲಕವಿತ್ತು. ಅದು ಇದ್ದದ್ದು ಕೀಲಿಮಣೆಯ ಆಚೆ, ಪರದೆಯ ಬುಡದಲ್ಲಿ. ಅಲ್ಲಿ ಅಂಗೈ ತಗಲುವ ಪ್ರಶ್ನೆಯೇ ಇಲ್ಲ.

ಜಾಗ ಬದಲಾದದ್ದು 1991ರಲ್ಲಿ. ಆ ವರ್ಷ ಆಪಲ್ ಕಂಪನಿ ಪವರ್‌ಬುಕ್ ಎಂಬ ಲ್ಯಾಪ್‌ಟಾಪುಗಳನ್ನು ಹೊರತಂದಾಗ ಕೀಲಿಮಣೆಯನ್ನು ಹಿಂದಕ್ಕೆ, ಪರದೆಯ ಕಡೆಗೆ ತಳ್ಳಿತು. ಮುಂದೆ ಉಳಿದ ಜಾಗ ಅಂಗೈ ಊರುವುದಕ್ಕೆ. ನಡುವೆ ಒಂದು ಚೆಂಡು. ಚೆಂಡನ್ನು ಉರುಳಿಸಿದರೆ ಸೂಚಕ ಓಡುತ್ತದೆ. ವಿನ್ಯಾಸ ಎಷ್ಟು ಹಿಡಿಸಿತೆಂದರೆ ಉಳಿದವರೂ ಅದನ್ನೇ ಅನುಸರಿಸಿದರು. ಇಂದಿಗೂ ಲ್ಯಾಪ್‌ಟಾಪಿನ ರೂಪ ಅದೇ. ಚೆಂಡಿನಿಂದ ಅಂಗೈಗೆ ತೊಂದರೆ ಇರಲಿಲ್ಲ, ಏಕೆಂದರೆ ಉರುಳಿಸದೆ ಅದು ಅಲುಗದು. ಅದರ ಶತ್ರು ಧೂಳು. ಚೆಂಡಿನ ಕೆಳಗಿನ ಉರುಳೆಗಳಿಗೆ ಕೊಳೆ ಮೆತ್ತಿಕೊಂಡರೆ ಸೂಚಕ ಕುಂಟುತ್ತದೆ. ಸಂಡೂರಿನ ಅದಿರು ಲಾರಿಗಳ ರಸ್ತೆಯ ಬದಿಯಲ್ಲಿ ಮನೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ!

ಚಲಿಸುವ ಭಾಗವೇ ಇಲ್ಲದ ಸಾಧನ ಬೇಕಾಗಿತ್ತು. ಅಮೆರಿಕದ ಜಾರ್ಜ್ ಗೆರ್ಫೈಡ್ 1980ರ ದಶಕದ ಕೊನೆಗೆ ವಿದ್ಯುತ್ ಧಾರಕತೆಯನ್ನು ಆಧರಿಸಿದ ಫಲಕವನ್ನು ರೂಪಿಸಿದ್ದ. 1994ರ ಪವರ್‌ಬುಕ್ 500 ಸರಣಿಯಲ್ಲಿ ಚೆಂಡು ಹೋಗಿ ಆ ಜಾಗಕ್ಕೆ ಈ ಫಲಕ ಬಂತು. ಸಿನಾಪ್ಟಿಕ್ಸ್ ಎಂಬ ಇನ್ನೊಂದು ಕಂಪನಿಯೂ ಇದೇ ದಾರಿಯಲ್ಲಿತ್ತು. 1971ರ ಇಂಟೆಲ್ 4004 ಸೂಕ್ಷ್ಮ ಸಂಸ್ಕಾರಕದ ರೂವಾರಿಗಳಲ್ಲಿ ಒಬ್ಬರಾದ ಫೆಡೆರಿಕೊ ಫಾಜಿನ್ ಮತ್ತು ಕಾರ್ವರ್ ಮೀಡ್ ಅದನ್ನು 1986ರಲ್ಲಿ ಕಟ್ಟಿದ್ದು ನರಜಾಲದ ಮಾದರಿಯ ಬಿಲ್ಲೆಗಳನ್ನು ಮಾಡಲು. ಹೊಟ್ಟೆ ತುಂಬಿಸಿದ್ದು ಸ್ಪರ್ಶಫಲಕ.

ಧೂಳಿನ ಸಮಸ್ಯೆ ಬಗೆಹರಿಯಿತು. ಆದರೆ ಉರುಳಿಸಿದರೆ ಮಾತ್ರ ಅಲುಗುವ ಚೆಂಡಿನ ಜಾಗದಲ್ಲಿ, ತಗಲಿದರೆ ಸಾಕು ಎನ್ನುವ ಫಲಕ ಕುಳಿತಿತ್ತು, ಅದೂ ಅಂಗೈ ಊರಲೆಂದೇ ಬಿಟ್ಟ ಜಾಗದ ನಟ್ಟನಡುವೆ. ಇದು ವಿನ್ಯಾಸಕಾರರ ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಕಣ್ಣಿನಿಂದ ನೋಡಿ ತಿದ್ದಿಕೊಳ್ಳುವ ಬಳಕೆದಾರನನ್ನೇ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ನನ್ನ ಎಣಿಕೆ. 1992ರಲ್ಲಿ ಐಬಿಎಂನ ಥಿಂಕ್‌ಪ್ಯಾಡ್ ಬೇರೆ ದಾರಿ ಹಿಡಿದಿತ್ತು: ಕೀಲಿಗಳ ನಡುವೆ ಒಂದು ಕೆಂಪು ಗುಂಡಿ, ಬೆರಳಿನಿಂದ ನೂಕಿದರೆ ಮಾತ್ರ ಸೂಚಕ ಚಲಿಸುತ್ತದೆ. ಅಂಗೈಗೆ ಅದರ ಗೊಡವೆಯೇ ಇಲ್ಲ. ಆದರೂ ಮಾರುಕಟ್ಟೆ ಗೆದ್ದದ್ದು ಫಲಕ. ವರ್ಷ ಕಳೆದಂತೆ ಅದರ ವಿಸ್ತಾರವೂ ಹೆಚ್ಚಿತು.

ಫಲಕಕ್ಕೆ ಏನು ಕಾಣುತ್ತದೆ?

ಫಲಕದ ಹೊದಿಕೆಯ ಕೆಳಗೆ ಅಡ್ಡಡ್ಡ ಉದ್ದುದ್ದ ವಿದ್ಯುದಾಗ್ರಗಳ ಜಾಲವಿದೆ. ಅವುಗಳ ವಿದ್ಯುತ್ ಕ್ಷೇತ್ರ ಮೇಲ್ಮೈಯಿಂದ ತುಸು ಹೊರಗೂ ಚಾಚಿರುತ್ತದೆ. ನಮ್ಮ ದೇಹ ಉಪ್ಪುನೀರಿನ ಚೀಲ, ಒಳ್ಳೆಯ ವಾಹಕ. ಬೆರಳು ಬಳಿ ಬಂದಾಗ ಕ್ಷೇತ್ರದ ಒಂದಂಶವನ್ನು ಅದು ಸೆಳೆದುಕೊಳ್ಳುತ್ತದೆ. ಅಲ್ಲಿನ ಧಾರಕತೆ ಒಂದು ಪಿಕೊಫ್ಯಾರಡ್ ಆಸುಪಾಸಿನಲ್ಲಿ, ಎಷ್ಟೋ ಬಾರಿ ಅದಕ್ಕಿಂತ ಕಡಿಮೆ, ಬದಲಾಗುತ್ತದೆ. ಅಷ್ಟನ್ನೂ ಅಳೆಯುವ ಮಂಡಲ ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಧಾರಕದ ಸೂತ್ರ ನೆನಪಿಸಿಕೊಳ್ಳಿ: ವಿಸ್ತೀರ್ಣ ಹೆಚ್ಚಿದರೆ ಧಾರಕತೆ ಹೆಚ್ಚು, ಅಂತರ ಹೆಚ್ಚಿದರೆ ಕಡಿಮೆ. ಅಂಗೈಯ ವಿಸ್ತೀರ್ಣ ದೊಡ್ಡದು. ಆದ್ದರಿಂದ ಅದು ಸರಿಯಾಗಿ ತಗಲದಿದ್ದರೂ, ತೀರ ಸಮೀಪ ಸುಳಿದರೂ ಫಲಕ ಎಚ್ಚರಗೊಳ್ಳಬಹುದು. ಏಪ್ರಿಲಿನಲ್ಲಿ ಹೊಸಪೇಟೆಯ ಬಿಸಿಲಿಗೆ ಬೆವರಿದ ಅಂಗೈಯಾದರೆ ಕೇಳುವುದೇ ಬೇಡ, ಬೆವರಿನ ಹನಿಯೂ ವಾಹಕವೇ.

ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಫಲಕದ ಮೇಲೆ ಪ್ಲಾಸ್ಟಿಕ್ ಅಳತೆಪಟ್ಟಿ ಎಳೆಯಿರಿ, ಸೂಚಕ ಅಲುಗದು. ಬಾಳೆಹಣ್ಣನ್ನು ಸಿಪ್ಪೆ ಸಹಿತ ಕೈಯಲ್ಲಿ ಹಿಡಿದು ಅದರ ತುದಿಯಿಂದ ಎಳೆಯಿರಿ (ಹಂಪಿಯ ಸುತ್ತ ಬಾಳೆಗೆ ಬರವಿಲ್ಲ), ಸೂಚಕ ಓಡುತ್ತದೆ. ಈಗ ಫಲಕದ ಮೇಲೆ ಒಂದು ಹಾಳೆ ಕಾಗದ ಹರಡಿ ಬೆರಳಾಡಿಸಿ. ಸೂಚಕ ಚಲಿಸುವುದನ್ನು ನೋಡಿ ವಿದ್ಯಾರ್ಥಿಗಳಿಗೆ ಅಚ್ಚರಿಯಾದೀತು. ಹಾಳೆಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಎಷ್ಟನೆಯ ಹಾಳೆಗೆ ಸೂಚಕ ನಿಲ್ಲುತ್ತದೆ ಎಂದು ಎಣಿಸಿ. ಯಂತ್ರದಿಂದ ಯಂತ್ರಕ್ಕೆ ಸಂಖ್ಯೆ ಬೇರೆಯಾಗುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಎಷ್ಟು ದಪ್ಪದ ರಟ್ಟು ಮುಚ್ಚಿದರೆ ಫಲಕ 'ಕುರುಡಾಗುತ್ತದೆ' ಎಂಬುದಕ್ಕೆ ಉತ್ತರವೂ ಅದೇ. ಹಳೆಯ ನೋಟುಪುಸ್ತಕದ ರಟ್ಟನ್ನು ಅಂಟುಪಟ್ಟಿಯಿಂದ ಅಂಟಿಸಿ ಮುಗಿಸುವ ಉಪಾಯ ಅಗ್ಗದ್ದು, ವಿದ್ಯುತ್ ಬೇಡದ್ದು. ಕೈಯಿಂದ ಮುಟ್ಟಿ ಖಾತರಿ ಮಾಡಿಕೊಳ್ಳಬಹುದಾದ್ದರಿಂದ ಅಂಧ ಬಳಕೆದಾರನಿಗೆ ಅದರ ಮೇಲೆ ನಂಬಿಕೆ ಹೆಚ್ಚು. ಮುಚ್ಚಳ ಹಾಕುವಾಗ ಮಾತ್ರ ರಟ್ಟನ್ನು ತೆಗೆದಿಡಬೇಕು. ಇಲ್ಲವಾದರೆ ಪರದೆಗೆ ಒತ್ತಿ ಗಾಜು ಒಡೆದೀತು.

ಅಂಗೈಯನ್ನು ಬೆರಳಿನಿಂದ ಬೇರೆ ಮಾಡಿ ಗುರುತಿಸುವ ಪ್ರಯತ್ನವೂ ಬೇಗನೆ ಆರಂಭವಾಯಿತು. ಸಿನಾಪ್ಟಿಕ್ಸ್ ಫಲಕಗಳು ಬೆರಳಿನ ಸ್ಥಾನದೊಂದಿಗೆ 'ಡಬ್ಲ್ಯು' ಎಂಬ ಒಂದು ಸಂಖ್ಯೆಯನ್ನೂ ಗಣಕಕ್ಕೆ ಕಳುಹಿಸುತ್ತಿದ್ದವು. ಅದು ತಗಲಿದ ವಸ್ತುವಿನ ಅಗಲದ ಸೂಚಿ. 4ರಿಂದ 7ರವರೆಗೆ ಇದ್ದರೆ ಸಾಮಾನ್ಯ ಬೆರಳು. 8ರಿಂದ 14 ಇದ್ದರೆ ಬಹು ಅಗಲದ ಬೆರಳು ಅಥವಾ ಅಂಗೈ. ಉಪಾಯ ಚೆನ್ನಾಗಿದೆ. ಆದರೆ ಅಂಗೈ ಯಾವಾಗಲೂ ಪೂರ್ತಿಯಾಗಿ ತಗಲುವುದಿಲ್ಲವಲ್ಲ? ಹೆಬ್ಬೆರಳಿನ ಬುಡದ ಅಂಚು ಮಾತ್ರ ಸೋಕಿದರೆ ಅದರ ಅಗಲವೂ ಬೆರಳಿನಷ್ಟೇ.

ತೂಬು ತೆರೆದೇ ಇರುವ ಹೊತ್ತು

ಇನ್ನೊಂದು ಉಪಾಯ ಕಾಲವನ್ನು ಆಧರಿಸಿದ್ದು. ಕೀಲಿ ಒತ್ತಿದ ಕೂಡಲೇ ಫಲಕದ ತೂಬು ಮುಚ್ಚಿ, ಬೆರಳು ಸುಮ್ಮನಾಗಿ ಕೆಲ ಕ್ಷಣ ಕಳೆದ ಮೇಲೆ ತೆರೆಯುವುದು. ಲಿನಕ್ಸ್‌ನಲ್ಲಿ 'ಸಿನ್‌ಡೀಮನ್' ಎಂಬ ಪುಟ್ಟ ತಂತ್ರಾಂಶ ಇದನ್ನೇ ಮಾಡುತ್ತಿತ್ತು. ನಾವು ಬದಲಿಸದಿದ್ದರೆ ಅದರ ಕಾಯುವ ಅವಧಿ 2 ಸೆಕೆಂಡು. 2013ರ ವಿಂಡೋಸ್ 8.1ರಲ್ಲಿ ಈ ಅವಧಿಯನ್ನು ಸಣ್ಣದು, ಮಧ್ಯಮ, ದೀರ್ಘ ಎಂದು ಆರಿಸಿಕೊಳ್ಳುವ ಅವಕಾಶವಿತ್ತು. ಮುಂದಿನ ಆವೃತ್ತಿಗಳಲ್ಲಿ ಅದು 'ಸಂವೇದನೆ' ಎಂಬ ಹೆಸರಿನ ಆಯ್ಕೆಯಾಯಿತು.

ಇದು ಬರೆಯುವವರನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಪರದೆ ಓದುಗ ಬಳಸುವವರನ್ನು ಪೂರ್ತಿ ಕಾಪಾಡುವುದಿಲ್ಲ. ಏಕೆ ಎಂಬುದು ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಂಡ ಸಂಗತಿ. 'ಟೈಪು ಮಾಡುವುದು' ಎಂದರೇನು? ಇಂದಿನ ಲಿನಕ್ಸ್ ಗಣಕಗಳ 'ಲಿಬ್‌ಇನ್‌ಪುಟ್' ಎಂಬ ತಂತ್ರಾಂಶ ಭಾಗಕ್ಕೆ ಅದರ ಅರ್ಥ ಅಕ್ಷರ, ಅಂಕಿಗಳ ಕೀಲಿ ಒತ್ತುವುದು. ಬಾಣದ ಕೀಲಿಗಳು, ಎಫ್1 ಮುಂತಾದವು, ಬಲಬದಿಯ ಅಂಕಿಗಳ ಗುಂಪು ಇವೊಂದೂ ಆ ಲೆಕ್ಕಕ್ಕೆ ಬರುವುದಿಲ್ಲ. ಕಂಟ್ರೋಲ್ ಅಥವಾ ಆಲ್ಟ್ ಒತ್ತಿ ಹಿಡಿದು ಇನ್ನೊಂದು ಕೀಲಿ ಒತ್ತಿದರೂ ತೂಬು ಮುಚ್ಚುವುದಿಲ್ಲ. ಕಾರಣ ಸರಳ: ಕಂಟ್ರೋಲ್ ಒತ್ತಿ ಹಿಡಿದವನು ಮರುಕ್ಷಣ ಫಲಕದಲ್ಲಿ ಕ್ಲಿಕ್ಕಿಸಲು ಹೊರಟಿರಬಹುದು. ಕಣ್ಣುಳ್ಳವರ ಮಟ್ಟಿಗೆ ಇದು ನ್ಯಾಯವೇ. ಆದರೆ ಪರದೆ ಓದುಗ ಬಳಸುವವರು ಓದುವುದು ಯಾವ ಕೀಲಿಗಳಿಂದ? ಸಾಲಿನಿಂದ ಸಾಲಿಗೆ ಹೋಗಲು ಬಾಣ. ಪದದಿಂದ ಪದಕ್ಕೆ ಹೋಗಲು ಕಂಟ್ರೋಲ್ ಮತ್ತು ಬಾಣ. ಉಳಿದ ಆಜ್ಞೆಗಳಿಗೆ ಇನ್‌ಸರ್ಟ್ ಇಲ್ಲವೇ ಕ್ಯಾಪ್ಸ್‌ಲಾಕ್ ಜೊತೆ ಇನ್ನೊಂದು ಕೀಲಿ. ಬಾಣದ ಕೀಲಿಗಳಿರುವುದು ಕೆಳಗಿನ ಬಲಮೂಲೆಯಲ್ಲಿ. ಅಲ್ಲಿಗೆ ಸರಿಯುವಾಗ ಕೈ ಫಲಕದ ಅಂಚಿನ ಮೇಲೆಯೇ ಹಾದುಹೋಗುತ್ತದೆ. ಬಹಳ ಬೇಕಾದ ಹೊತ್ತಿನಲ್ಲಿಯೇ ತೂಬು ತೆರೆದಿರುತ್ತದೆ.

ಅನಾಹುತ ಕ್ಲಿಕ್ಕಿನಿಂದ ಮಾತ್ರವಲ್ಲ. ಸೂಚಕ ಯಾವುದರ ಮೇಲೆ ಹಾದುಹೋಯಿತೋ ಅದನ್ನು ಉಚ್ಚರಿಸುವ ಸೌಲಭ್ಯ ಎನ್‌ವಿಡಿಎಯಲ್ಲಿದೆ. ಅಂಗೈ ಸೋಕಿ ಸೂಚಕ ಅಲುಗಿದರೆ ಓದುತ್ತಿದ್ದ ವಾಕ್ಯ ತುಂಡಾಗಿ, ನಡುವೆ ಯಾವುದೋ ಗುಂಡಿಯ ಹೆಸರು ಕೇಳುತ್ತದೆ. ಇನ್‌ಸರ್ಟ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈ ಉಚ್ಚಾರ ನಿಲ್ಲುತ್ತದೆ. ಹಲವರು ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ನಿಂತದ್ದು ಮಾತು. ಸೂಚಕವೂ ಕ್ಲಿಕ್ಕೂ ಹಾಗೆಯೇ ಇವೆ, ಈಗ ಸದ್ದಿಲ್ಲದೆ.

ಆದ್ದರಿಂದ ಫಲಕವನ್ನೇ ಆರಿಸುವುದು ಉತ್ತಮ. ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್ ಕೀಲಿ ಒತ್ತಿ ಇಂಗ್ಲಿಷಿನಲ್ಲಿ 'ಟಚ್‌ಪ್ಯಾಡ್' ಎಂದು ಟೈಪು ಮಾಡಿ ಎಂಟರ್ ಒತ್ತಿ. ಅಲ್ಲಿ ಸಾಮಾನ್ಯವಾಗಿ ಒಂದು ಸ್ವಿಚ್ಚು ಇರುತ್ತದೆ. ಟ್ಯಾಬ್ ಕೀಲಿಯಿಂದ ಅಲ್ಲಿಗೆ ಹೋಗಿ ಸ್ಪೇಸ್‌ಬಾರ್ ಒತ್ತಿದರೆ ಫಲಕ ಆರುತ್ತದೆ. ಸ್ವಿಚ್ಚಿನ ಸ್ಥಿತಿಯನ್ನು ಪರದೆ ಓದುಗ ಹೇಳುವುದರಿಂದ ಅನುಮಾನಕ್ಕೆ ಎಡೆಯಿಲ್ಲ. ಮೌಸ್ ಜೋಡಿಸಿದಾಗಲೂ ಫಲಕ ನಡೆಯಲಿ ಎಂಬ ಆಯ್ಕೆ ಅಲ್ಲಿಯೇ ಇದೆ. ಅದನ್ನು ತೆಗೆದುಹಾಕಿದರೆ ನಿಸ್ತಂತು ಮೌಸಿನ ಪುಟ್ಟ ಯುಎಸ್‌ಬಿ ತುಂಡನ್ನು ಸಿಕ್ಕಿಸಿದಾಗ ಸಾಮಾನ್ಯವಾಗಿ ಫಲಕ ತಾನಾಗಿ ಆರುತ್ತದೆ, ಮೌಸ್ ಚೀಲದಲ್ಲೇ ಇದ್ದರೂ! ಆಪಲ್ ಗಣಕಗಳಲ್ಲಿಯೂ ಇಂಥದೊಂದು ಆಯ್ಕೆ ಉಂಟು. ಕೀಲಿಮಣೆಯ ಮೇಲ್ಸಾಲಿನಲ್ಲಿ ಫಲಕದ ಚಿತ್ರವಿರುವ ಕೀಲಿ ಕೆಲವು ಲ್ಯಾಪ್‌ಟಾಪುಗಳಲ್ಲಿದೆ. ಅದನ್ನು ನಾನು ಅಷ್ಟಾಗಿ ಮೆಚ್ಚುವುದಿಲ್ಲ. ಒಮ್ಮೆ ಒತ್ತಿದರೆ ಆರುತ್ತದೆ, ಇನ್ನೊಮ್ಮೆ ಒತ್ತಿದರೆ ಹೊತ್ತುತ್ತದೆ; ಈಗ ಯಾವ ಸ್ಥಿತಿ ಎಂಬುದನ್ನು ತಿಳಿಸುವುದು ಎಷ್ಟೋ ಬಾರಿ ಒಂದು ಪುಟ್ಟ ದೀಪ ಮಾತ್ರ.

ಫಲಕ ಅಂಧರಿಗೆ ಎಂದೂ ಬೇಡವೆಂದು ಇದರಿಂದ ತಿಳಿಯಬೇಡಿ. 2009ರಲ್ಲಿ ಆಪಲ್ ತನ್ನ ವಾಯ್ಸ್‌ಓವರ್ ಪರದೆ ಓದುಗಕ್ಕೆ ಫಲಕವನ್ನೇ ನಕ್ಷೆಯಾಗಿ ಬಳಸುವ ಸೌಲಭ್ಯ ಸೇರಿಸಿತು. ಫಲಕದ ಎಡ ಮೇಲ್ಮೂಲೆ ಎಂದರೆ ಪರದೆಯ ಎಡ ಮೇಲ್ಮೂಲೆ. ಬೆರಳಾಡಿಸಿದಲ್ಲಿ ಏನಿದೆ ಎಂದು ಅದು ಹೇಳುತ್ತದೆ. ಬೇಕೆಂದು ತಟ್ಟಿದಾಗ ಮಾತ್ರ ನುಡಿಯುವ ಫಲಕ ಅದು.

ಪರೀಕ್ಷೆಯ ಹಿಂದಿನ ದಿನ

ಇನ್ನು ಶಿಕ್ಷಕರು ಗಮನಿಸಬೇಕಾದ ಭಾಗ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ 2013ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ, ಗಣಕದಲ್ಲಿ ಪರೀಕ್ಷೆ ಬರೆಯುವ ಆಯ್ಕೆಯನ್ನು ವಿಕಲಚೇತನ ಅಭ್ಯರ್ಥಿಗಳಿಗೆ ನೀಡಿತು. ಗಣಕವನ್ನು ಒಂದು ದಿನ ಮೊದಲೇ ಪರಿಶೀಲಿಸಲು ಅವರಿಗೆ ಅವಕಾಶವಿರಬೇಕು ಎಂದೂ ಹೇಳಿತು. 2018ರ ಆಗಸ್ಟ್‌ನ ಪರಿಷ್ಕೃತ ಮಾರ್ಗಸೂಚಿಯಲ್ಲಿ ಸ್ವಂತ ಲ್ಯಾಪ್‌ಟಾಪ್ ತರಬಾರದೆಂಬ ನಿಬಂಧನೆ ಬಂತು. ಕೀಲಿಮಣೆಯಂಥ ಪೂರಕ ಸಾಧನಗಳಿಗೆ ಅಡ್ಡಿ ಇರಲಿಲ್ಲ. ಅಂದರೆ ವರ್ಷಗಟ್ಟಲೆ ಕೈಗೆ ಪಳಗಿದ ಯಂತ್ರ ಮನೆಯಲ್ಲಿ, ಪರೀಕ್ಷೆ ಮಾತ್ರ ಅಪರಿಚಿತ ಯಂತ್ರದಲ್ಲಿ. ಅದರ ಫಲಕ ಎಷ್ಟು ಅಗಲ, ಎಷ್ಟು ಚುರುಕು ಎಂಬುದು ಅಭ್ಯರ್ಥಿಗೆ ಗೊತ್ತಿರುವುದಿಲ್ಲ. ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳಿ.

ಪರಿಶೀಲನೆಯ ದಿನ ಧ್ವನಿ ಕೇಳುತ್ತಿದೆಯೇ, ಕನ್ನಡ ಓದುತ್ತಿದೆಯೇ ಎಂದು ನೋಡಿ ಮುಗಿಸುವುದು ವಾಡಿಕೆ. ಅದರ ಜೊತೆ ಅರ್ಧ ಪುಟ ಬರೆಸಿ ನೋಡಿ, ಬರೆದದ್ದನ್ನು ಬಾಣದ ಕೀಲಿಗಳಿಂದ ಹಿಂದಕ್ಕೆ ಓದಿಸಿ ನೋಡಿ. ಬೇರೆ ಕೀಲಿಮಣೆ ಇದ್ದರೆ ಅದನ್ನು ಜೋಡಿಸಿ ಲ್ಯಾಪ್‌ಟಾಪನ್ನು ಮೇಜಿನ ಆಚೆ ತುದಿಗೆ ಸರಿಸಬಹುದು. ಕಿವಿಗೆ ಧ್ವನಿ ಬಂದರೆ ಸಾಕು, ಪರದೆ ಎಲ್ಲಿದ್ದರೇನು? ಅದಿಲ್ಲವಾದರೆ ಫಲಕವನ್ನು ಆರಿಸಿ, ಯಂತ್ರವನ್ನು ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಚಾಲೂ ಮಾಡಿ ಇನ್ನೊಮ್ಮೆ ಪರೀಕ್ಷಿಸಿ. ಕೆಲವು ಲ್ಯಾಪ್‌ಟಾಪುಗಳು ಚಾಲೂ ಆದೊಡನೆ ಫಲಕವನ್ನು ತಾವಾಗಿಯೇ ಎಬ್ಬಿಸಿ ಕೂರಿಸುತ್ತವೆ. ಅಂಥದಾದರೆ ಕಾಗದ ಎಣಿಸಿ ಕಂಡುಕೊಂಡ ದಪ್ಪದ ರಟ್ಟು ಮರುದಿನ ಬೆಳಗ್ಗೆ ಕೊಠಡಿಯಲ್ಲಿರಲಿ. ಪರೀಕ್ಷೆ ಮುಗಿದ ಮೇಲೆ ಫಲಕವನ್ನು ಮತ್ತೆ ಹೊತ್ತಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಯಂತ್ರ ಕೆಟ್ಟಿದೆಯೆಂದು ಯಾರಾದರೂ ಅದನ್ನು ದುರಸ್ತಿಗೆ ಹೊತ್ತೊಯ್ದಾರು.